ನರ, ಸ್ನಾಯುಗಳ ಮೇಲೆ ದೇಹವೇ ತಿರುಗಿಬಿದ್ದಾಗ: ಓದುಗರ ಪ್ರಶ್ನೆ, ನರರೋಗ ತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ಗುಂಪಿನ ಕಾಯಿಲೆಗಳಿಗೆ ಸಂಬಂಧಿಸಿದವು. ಸೋಂಕಿನಿಂದ ನಮ್ಮನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಸ್ವಂತ ನರಗಳ ಮೇಲೋ, ಸ್ನಾಯುಗಳ ಮೇಲೋ, ಇವೆರಡೂ ಸೇರುವ ಸಂಧಿಯ ಮೇಲೋ ತಿರುಗಿಬಿದ್ದಾಗ ಬರುವ ಇವುಗಳನ್ನು ಆಟೋಇಮ್ಯೂನ್ ನರಸ್ನಾಯು ಕಾಯಿಲೆಗಳು ಎನ್ನುತ್ತೇವೆ. ಇವುಗಳಲ್ಲಿ ಬಹುಪಾಲಿಗೆ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಒಂದಕ್ಕೆ ಮದ್ದಾಗುವ ಔಷಧಿ ಇನ್ನೊಂದಕ್ಕೆ ಕೆಲಸಕ್ಕೆ ಬಾರದು, ಮತ್ತೊಂದನ್ನು ಉಲ್ಬಣಗೊಳಿಸಲೂಬಹುದು. ಹೀಗಾಗಿ ಪೆಟ್ಟು ಬಿದ್ದಿರುವ ಜಾಗ ಯಾವುದು, ದೌರ್ಬಲ್ಯ ಎಷ್ಟು ದಿನಗಳಲ್ಲಿ ಬೆಳೆಯಿತು ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ ಇಲ್ಲಿ ಚಿಕಿತ್ಸೆಯ ಅರ್ಧ ಭಾಗ ಎಂದು ನಾನು ನಂಬಿದ್ದೇನೆ. ಪತ್ರ ಬರೆದವರ ಹೆಸರು, ವಿಳಾಸಗಳನ್ನು ಬಿಟ್ಟಿದ್ದೇನೆ. ಇಲ್ಲಿನ ಉತ್ತರಗಳನ್ನು ನಿಮ್ಮನ್ನು ಖುದ್ದಾಗಿ ಪರೀಕ್ಷಿಸಿದ ವೈದ್ಯರೊಂದಿಗೆ ಚರ್ಚಿಸಲು ಬಳಸಿಕೊಳ್ಳಿ.

ಪ್ರಶ್ನೆ: ನಾನು 34 ವರ್ಷದ ಶಿಕ್ಷಕಿ. ಬೆಳಿಗ್ಗೆ ಏಳುವಾಗ ಏನೂ ತೊಂದರೆ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತದೆ, ಸಂಜೆಗೆ ಎದುರಿಗಿರುವುದು ಎರಡೆರಡಾಗಿ ಕಾಣುತ್ತದೆ. ಕಣ್ಣಿನ ವೈದ್ಯರು ಮಯಸ್ತೀನಿಯಾ ಗ್ರೇವಿಸ್ ಇರಬಹುದೆಂದು ರಕ್ತಪರೀಕ್ಷೆ ಮಾಡಿಸಿದರು. ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದಿದೆ. ನನಗೆ ಆ ಕಾಯಿಲೆ ಇಲ್ಲವೆಂದು ನಿಶ್ಚಿಂತೆಯಾಗಿರಬಹುದೇ?

ಉತ್ತರ: ಇರಲಾಗದು. ಈ ಪರೀಕ್ಷೆ ಪಾಸಿಟಿವ್ ಬಂದರೆ ಕಾಯಿಲೆ ಇದೆಯೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ನೆಗೆಟಿವ್ ಬಂದ ಮಾತ್ರಕ್ಕೆ ಇಲ್ಲವೆಂದು ಹೇಳುವಂತಿಲ್ಲ. ನರದ ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿನ ಮೇಲ್ಮೈಯಲ್ಲಿರುವ ಗ್ರಾಹಕಗಳನ್ನು ತಲುಪಿದಾಗ ಸ್ನಾಯು ಸಂಕುಚಿಸುತ್ತದೆ. ಮಯಸ್ತೀನಿಯಾದಲ್ಲಿ ಪ್ರತಿಕಾಯಗಳು ಈ ಗ್ರಾಹಕಗಳನ್ನು ತಡೆಯುವುದಲ್ಲದೆ ಅವುಗಳ ಸಂಖ್ಯೆಯನ್ನೇ ಕುಗ್ಗಿಸುತ್ತವೆ, ಸಂಧಿಯ ಪೊರೆಯನ್ನೂ ಹಾಳುಮಾಡುತ್ತವೆ. ಮೈಯೆಲ್ಲ ವ್ಯಾಪಿಸಿದ ಮಯಸ್ತೀನಿಯಾದಲ್ಲಿ ನೂರಕ್ಕೆ ಸುಮಾರು 85 ಮಂದಿಯ ರಕ್ತದಲ್ಲಿ ಈ ಪ್ರತಿಕಾಯ ಸಿಗುತ್ತದೆ. ಕಾಯಿಲೆ ಕಣ್ಣಿಗಷ್ಟೇ ಸೀಮಿತವಾಗಿದ್ದಾಗ, ಅಂದರೆ ನಿಮ್ಮಂಥ ಸಂದರ್ಭದಲ್ಲಿ, ಅದು ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ. ಉಳಿದವರ ಪೈಕಿ ಕೆಲವರಲ್ಲಿ ಮಸ್ಕ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿರುತ್ತವೆ. ಆದರೆ ಅಂಥವರಿಗೆ ಸಾಮಾನ್ಯವಾಗಿ ನುಂಗುವ, ಮಾತನಾಡುವ, ಕತ್ತೆತ್ತುವ ಸ್ನಾಯುಗಳು ಹೆಚ್ಚಾಗಿ ಸೋಲುತ್ತವೆ.

ನಿಮ್ಮ ಪತ್ರದಲ್ಲಿ ರಕ್ತಪರೀಕ್ಷೆಗಿಂತ ಹೆಚ್ಚು ತೂಕದ ಮಾತು ಇರುವುದು ಮೊದಲ ಸಾಲುಗಳಲ್ಲೇ. ಬೆಳಿಗ್ಗೆ ಸರಿಯಿದ್ದು, ಬಳಸಿದಷ್ಟೂ ಸೋಲುವ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವ ದೌರ್ಬಲ್ಯವೇ ನರಸ್ನಾಯು ಸಂಧಿಯ ಕಾಯಿಲೆಯ ಗುರುತು. ಇದನ್ನು ಯಾವ ಯಂತ್ರವೂ ಇಲ್ಲದೆ ಕಣ್ಣಾರೆ ನೋಡಬಹುದು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ತಲೆ ಅಲುಗಿಸದೆ, ಎತ್ತರಕ್ಕೆ ಹಿಡಿದ ನನ್ನ ಬೆರಳನ್ನೇ ರೆಪ್ಪೆ ಬಡಿಯದಂತೆ ಒಂದು ನಿಮಿಷ ನೋಡಲು ಹೇಳುತ್ತೇನೆ. ಮೊದಲ ಹತ್ತು ಹದಿನೈದು ಸೆಕೆಂಡು ರೆಪ್ಪೆ ಗಟ್ಟಿಯಾಗಿ ನಿಂತಿರುತ್ತದೆ. ಆಮೇಲೆ ಕೂದಲೆಳೆಯಷ್ಟು ಇಳಿಯುತ್ತದೆ, ಹಣೆ ಸುಕ್ಕುಗಟ್ಟಿ ಅದನ್ನು ಎತ್ತಲು ನೋಡುತ್ತದೆ, ನಿಮಿಷ ತುಂಬುವಷ್ಟರಲ್ಲಿ ರೆಪ್ಪೆ ಕಪ್ಪುಗುಡ್ಡೆಯನ್ನು ಮುಚ್ಚಿರುತ್ತದೆ. ಬಳಿಕ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮುಚ್ಚಿದ ಕಣ್ಣಿನ ಮೇಲೆ 2 ನಿಮಿಷ ಇಟ್ಟು ತೆಗೆದರೆ, ಮಯಸ್ತೀನಿಯಾ ಇರುವವರ ರೆಪ್ಪೆ ಬಹಳಷ್ಟು ಬಾರಿ 2 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮೇಲೇರುತ್ತದೆ. ತಂಪಿನಲ್ಲಿ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವದ ಕೆಲಸ ನಿಧಾನವಾಗುವುದು ಇದಕ್ಕೆ ಒಂದು ಕಾರಣ.

ಮುಂದಿನ ಹೆಜ್ಜೆಯಾಗಿ ನರವನ್ನು ಸೆಕೆಂಡಿಗೆ 2–3 ಬಾರಿ ವಿದ್ಯುತ್ತಿನಿಂದ ಉತ್ತೇಜಿಸಿ, ಸ್ನಾಯುವಿನ ಪ್ರತಿಕ್ರಿಯೆ ಶೇಕಡ 10ಕ್ಕಿಂತ ಹೆಚ್ಚು ಕುಗ್ಗುತ್ತದೆಯೇ ಎಂದು ನೋಡುತ್ತಾರೆ. ಕಣ್ಣಿಗೆ ಸೀಮಿತವಾದ ಕಾಯಿಲೆಯಲ್ಲಿ ಈ ಪರೀಕ್ಷೆಯೂ ಆಗಾಗ ಸಹಜವಾಗಿ ಬರುತ್ತದೆ. ಆಗ ಸಿಂಗಲ್ ಫೈಬರ್ ಇಎಂಜಿ ಎಂಬ ಸೂಕ್ಷ್ಮ ಪರೀಕ್ಷೆಯನ್ನು ಅದರಲ್ಲಿ ಪಳಗಿದವರ ಬಳಿ ಮಾಡಿಸಬೇಕು. ರೋಗ ಖಚಿತವಾದರೆ ಎದೆಯ ಸಿಟಿ ಸ್ಕ್ಯಾನ್ ಕಡ್ಡಾಯ. ಮಯಸ್ತೀನಿಯಾ ಇರುವವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ. ಥೈರಾಯ್ಡ್ ಪರೀಕ್ಷೆಯನ್ನೂ ಮರೆಯಬೇಡಿ.

ಕಣ್ಣಿನ ಪಾಪೆಯ ಗಾತ್ರ ಮಯಸ್ತೀನಿಯಾದಲ್ಲಿ ಬದಲಾಗುವುದಿಲ್ಲ. ಜೋತುಬಿದ್ದ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಅದರಲ್ಲೂ ತಲೆನೋವು ಜೊತೆಗಿದ್ದರೆ, ಮೆದುಳಿನ ರಕ್ತನಾಳದ ಉಬ್ಬು ನರವನ್ನು ಒತ್ತುತ್ತಿರಬಹುದು. ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣ್ಣಿನಲ್ಲಿ ಆರಂಭವಾದ ಮಯಸ್ತೀನಿಯಾ ಮುಂದೆ ನುಂಗುವ, ಉಸಿರಾಡುವ ಸ್ನಾಯುಗಳಿಗೆ ಹರಡುವುದಿದ್ದರೆ ಸಾಮಾನ್ಯವಾಗಿ ಮೊದಲ 2 ವರ್ಷಗಳಲ್ಲೇ ಹರಡುತ್ತದೆ. ಹಾಗಾಗಿ ಈ ಅವಧಿಯಲ್ಲಿ ನರರೋಗ ತಜ್ಞರ ಕಣ್ಗಾವಲಿನಲ್ಲಿರಿ.

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಮಯಸ್ತೀನಿಯಾ ಎಂದು ಗೊತ್ತಾಗಿ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೊಟ್ಟಿದ್ದರು, ಸ್ವಲ್ಪ ಗುಣ ಕಾಣುತ್ತಿತ್ತು. ಕಳೆದ ತಿಂಗಳು ಪ್ರೆಡ್ನಿಸೊಲೋನ್ ದೊಡ್ಡ ಪ್ರಮಾಣದಲ್ಲಿ ಸೇರಿಸಿದರು. ಒಂದು ವಾರದಲ್ಲಿ ಕತ್ತು ನಿಲ್ಲದಂತಾಯಿತು, ಮಾತು ಮೂಗಿನಿಂದ ಬರತೊಡಗಿತು. ಸ್ಟೀರಾಯ್ಡ್ ಒಗ್ಗಲಿಲ್ಲವೆಂದು ನಾವೇ ನಿಲ್ಲಿಸಬೇಕೆಂದಿದ್ದೇವೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಕಾಯಲೂ ಬೇಡಿ, ಇಂದೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಮಯಸ್ತೀನಿಯಾದಲ್ಲಿ ಸ್ಟೀರಾಯ್ಡನ್ನು ಒಮ್ಮೆಲೇ ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿದರೆ ಮೊದಲ ಒಂದೆರಡು ವಾರಗಳಲ್ಲಿ ದೌರ್ಬಲ್ಯ ಹೆಚ್ಚುವುದುಂಟು. ಆಮೇಲೆ ಅದೇ ಔಷಧಿಯಿಂದ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಇದೇ ಕಾರಣಕ್ಕೆ ಹೊರರೋಗಿಗಳಲ್ಲಿ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ, ನುಂಗಲು ಅಥವಾ ಉಸಿರಾಡಲು ಕಷ್ಟವಿರುವವರನ್ನು ಒಳರೋಗಿಯಾಗಿ ಇರಿಸಿಕೊಂಡೇ ಕೊಡುತ್ತಾರೆ. ಇತ್ತ, ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸಿರುವುದರಿಂದ, ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿಯುವ ಅಪಾಯವೂ ಇದೆ.

ಕತ್ತು ನಿಲ್ಲದಿರುವುದು ಮತ್ತು ಮೂಗಿನಿಂದ ಬರುವ ಮಾತು, ಇವೆರಡೂ ನನ್ನನ್ನು ಚಿಂತೆಗೀಡುಮಾಡುತ್ತವೆ. ಕತ್ತನ್ನು ಎತ್ತಿ ಹಿಡಿಯುವ ಸ್ನಾಯುಗಳು ಸೋತಾಗ ಉಸಿರಾಟದ ಸ್ನಾಯುಗಳೂ ಸೋಲುವ ಹಾದಿಯಲ್ಲಿರಬಹುದು. ತಂದೆಯವರಿಗೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ಮಧ್ಯೆ ಉಸಿರು ತೆಗೆದುಕೊಳ್ಳದೆ, ಗಟ್ಟಿಯಾಗಿ ಒಂದರಿಂದ ಎಣಿಸಲು ಹೇಳಿ. 20 ತಲುಪುವ ಮೊದಲೇ ಉಸಿರು ಮುಗಿದರೆ, ಎಂಜಲು ನುಂಗಲಾಗದೆ ಬಾಯಿಯಲ್ಲಿ ನಿಂತರೆ, ಮಲಗಿದರೆ ಉಸಿರು ಕಟ್ಟಿದಂತಾದರೆ ಅದು ಮಯಸ್ತೀನಿಯಾದ ಬಿಕ್ಕಟ್ಟು; ಅವರನ್ನು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೇ ಸೇರಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 97 ತೋರಿಸುತ್ತಿದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. ಇಲ್ಲಿ ಶ್ವಾಸಕೋಶ ಸರಿಯಿದ್ದು ಅದನ್ನು ಹಿಗ್ಗಿಸುವ ಸ್ನಾಯು ಸೋಲುವುದರಿಂದ, ಆಮ್ಲಜನಕದ ಅಂಕಿ ಕೊನೆಯ ಹಂತದವರೆಗೂ ಚೆನ್ನಾಗಿಯೇ ಕಾಣಬಹುದು. ಆಸ್ಪತ್ರೆಯಲ್ಲಿ ನೋಡಬೇಕಾದದ್ದು ಒಂದೇ ಉಸಿರಿನಲ್ಲಿ ಹೊರಹಾಕಬಲ್ಲ ಗಾಳಿಯ ಪ್ರಮಾಣವನ್ನು. ದೇಹತೂಕದ ಪ್ರತಿ ಕಿಲೋಗೆ ಅದು 20 ಮಿಲಿಲೀಟರಿಗಿಂತ ಕೆಳಗಿಳಿದರೆ ವೆಂಟಿಲೇಟರಿಗೆ ಸಿದ್ಧರಾಗಿರಬೇಕು. ಈ ಹಂತದಲ್ಲಿ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೊಗ್ಲೋಬ್ಯುಲಿನ್ ಅನ್ನು ರಕ್ತನಾಳಕ್ಕೆ ಕೊಡುವುದು, ಅಥವಾ ಪ್ರತಿಕಾಯ ತುಂಬಿದ ಪ್ಲಾಸ್ಮಾವನ್ನು ತೆಗೆದು ಬದಲಿ ದ್ರವ ಕೊಡುವ ಪ್ಲಾಸ್ಮಾ ಎಕ್ಸ್‌ಚೇಂಜ್ ಕೆಲವೇ ದಿನಗಳಲ್ಲಿ ಫಲ ನೀಡುತ್ತವೆ.

ಔಷಧಿಗಳ ಪಾತ್ರವನ್ನು ಮನೆಯವರು ಬೇರೆ ಬೇರೆಯಾಗಿ ತಿಳಿದಿದ್ದರೆ ಗೊಂದಲ ಕಡಿಮೆ. ಪಿರಿಡೋಸ್ಟಿಗ್ಮಿನ್ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಅರ್ಧ–ಮುಕ್ಕಾಲು ಗಂಟೆಯಲ್ಲಿ ಕೆಲಸ ಆರಂಭಿಸಿ ಮೂರು–ನಾಲ್ಕು ಗಂಟೆ ನಿಲ್ಲುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಜಗಿಯುವುದು, ನುಂಗುವುದು ಸುಲಭ. ಈ ವರ್ಗದ ಔಷಧಿಯಿಂದ ಮಯಸ್ತೀನಿಯಾ ರೋಗಿಯ ಶಕ್ತಿ ಮರಳುವುದನ್ನು ಮೇರಿ ವಾಕರ್ ಎಂಬ ವೈದ್ಯೆ 1934ರಲ್ಲಿ ತೋರಿಸಿಕೊಟ್ಟರು. ಇದು ಲಕ್ಷಣವನ್ನು ತಗ್ಗಿಸುತ್ತದೆಯೇ ಹೊರತು ಪ್ರತಿಕಾಯಗಳನ್ನು ಮುಟ್ಟುವುದಿಲ್ಲ. ಆ ಕೆಲಸ ಸ್ಟೀರಾಯ್ಡಿನದು, ಮತ್ತು ಸ್ಟೀರಾಯ್ಡಿನ ಪ್ರಮಾಣವನ್ನು ಇಳಿಸಲು ನೆರವಾಗುವ ಅಜಾಥಯೋಪ್ರಿನ್, ಮೈಕೋಫಿನೊಲೇಟ್‌ನಂಥವುಗಳದು. ಅಜಾಥಯೋಪ್ರಿನ್ ಫಲ ಕೊಡಲು ಆರು ತಿಂಗಳಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಆ ಅವಧಿಯಲ್ಲಿ ರಕ್ತಕಣಗಳ ಎಣಿಕೆಯನ್ನೂ ಯಕೃತ್ತಿನ ಪರೀಕ್ಷೆಯನ್ನೂ ನಿಯಮಿತವಾಗಿ ಮಾಡಿಸಬೇಕು. ತಿಂಗಳೆರಡರಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಬಹಳ ಮಂದಿ, ಅದು ತಪ್ಪು.

ಥೈಮಸ್ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಗಡ್ಡೆ ಇದ್ದರೆ ಅದನ್ನು ತೆಗೆಯಲೇಬೇಕು. ಗಡ್ಡೆ ಇಲ್ಲದ, ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಇರುವ, ಕಾಯಿಲೆ ಕಣ್ಣನ್ನು ದಾಟಿ ಹರಡಿದ ವಯಸ್ಕರಲ್ಲೂ ಶಸ್ತ್ರಚಿಕಿತ್ಸೆಯಿಂದ ಲಾಭವಿದೆಯೆಂದು, ಅದರಿಂದ ಸ್ಟೀರಾಯ್ಡಿನ ಅಗತ್ಯ ಕಡಿಮೆಯಾಗುತ್ತದೆಯೆಂದು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಸ್ಥಾಪಿಸಿತು. ಅದರಲ್ಲಿ 65 ವರ್ಷದವರೆಗಿನವರನ್ನು ಸೇರಿಸಿಕೊಳ್ಳಲಾಗಿತ್ತು. ಆದರೆ ಇದು ತುರ್ತಿನ ಶಸ್ತ್ರಚಿಕಿತ್ಸೆಯಲ್ಲ. ಉಸಿರಾಟ, ನುಂಗುವಿಕೆ ಸ್ಥಿರವಾದ ಮೇಲೆಯೇ ಮಾಡಬೇಕು. ಇವುಗಳಿಗೂ ಬಗ್ಗದ ಕಾಯಿಲೆಗೆ ರಿಟುಕ್ಸಿಮ್ಯಾಬ್ (ವಿಶೇಷವಾಗಿ ಮಸ್ಕ್ ಪ್ರತಿಕಾಯ ಇರುವವರಿಗೆ), ಎಕುಲಿಜುಮ್ಯಾಬ್, ಎಫ್ಗಾರ್ಟಿಜಿಮಾಡ್ ಎಂಬ ಹೊಸ ಚುಚ್ಚುಮದ್ದುಗಳಿವೆ. ಎಕುಲಿಜುಮ್ಯಾಬ್ ಕೊಡುವ ಮುನ್ನ ಮೆನಿಂಗೊಕಾಕಲ್ ಲಸಿಕೆ ಹಾಕಿಸಲೇಬೇಕು.

ಪ್ರಶ್ನೆ: ಮಯಸ್ತೀನಿಯಾ ಇರುವ ನನಗೆ ಜ್ವರ ಬಂದಾಗ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬಾರದು?

ಉತ್ತರ: ಸಿಪ್ರೋಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್ ಗುಂಪು, ಅಜಿಥ್ರೋಮೈಸಿನ್ ಗುಂಪು, ಜೆಂಟಾಮೈಸಿನ್‌ನಂಥ ಚುಚ್ಚುಮದ್ದುಗಳು ದೌರ್ಬಲ್ಯವನ್ನು ಹೆಚ್ಚಿಸಬಲ್ಲವು. ಅಮಾಕ್ಸಿಸಿಲಿನ್, ಸೆಫಲೊಸ್ಪೋರಿನ್‌ಗಳು ಸಾಮಾನ್ಯವಾಗಿ ಸುರಕ್ಷಿತ. ಆ್ಯಂಟಿಬಯಾಟಿಕ್ ಅಲ್ಲದವುಗಳಲ್ಲಿ ಬೀಟಾ ಬ್ಲಾಕರ್‌ಗಳು, ಕ್ವಿನೈನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಮ್, ಬೊಟುಲಿನಮ್ ಚುಚ್ಚುಮದ್ದು ಇವುಗಳ ಬಗ್ಗೆ ಎಚ್ಚರವಿರಲಿ. ಅರಿವಳಿಕೆ ಕೊಡುವ ವೈದ್ಯರಿಗೆ ನಿಮ್ಮ ಕಾಯಿಲೆಯನ್ನು ಮೊದಲೇ ತಿಳಿಸಬೇಕು. ಆದರೆ ಸೋಂಕಿಗೆ ಚಿಕಿತ್ಸೆಯನ್ನೇ ಪಡೆಯದಿರುವುದು ಈ ಔಷಧಿಗಳಿಗಿಂತ ದೊಡ್ಡ ಅಪಾಯ. ಬಿಕ್ಕಟ್ಟಿಗೆ ಅತಿ ಸಾಮಾನ್ಯ ಕಾರಣ ಸೋಂಕೇ. ಬೇರೆ ದಾರಿ ಇಲ್ಲದಿದ್ದರೆ ಇವುಗಳಲ್ಲೊಂದನ್ನು ಆಸ್ಪತ್ರೆಯಲ್ಲಿ ನಿಗಾದಲ್ಲಿಟ್ಟು ಕೊಡಬಹುದು.

ಪ್ರಶ್ನೆ: ನನ್ನ 22 ವರ್ಷದ ತಂಗಿಗೆ ಭೇದಿಯಾಗಿ ವಾಸಿಯಾದ ಹತ್ತು ದಿನಕ್ಕೆ ಪಾದಗಳಲ್ಲಿ ಜುಮುಜುಮು, ಬೆನ್ನುನೋವು ಶುರುವಾಯಿತು. ಮೂರನೇ ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಒಂದು ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡಿ ಎಲ್ಲ ಸರಿಯಿದೆ, ಭಯದಿಂದ ಹೀಗಾಗಿದೆ ಎಂದು ಮನೆಗೆ ಕಳಿಸಿದರು. ಆರನೇ ದಿನ ಕೈಗಳೂ ಸೋತವು. ಇನ್ನೊಂದು ಆಸ್ಪತ್ರೆಯಲ್ಲಿ ಗಿಲಾನ್ ಬಾರೆ ಸಿಂಡ್ರೋಮ್ ಎಂದು ಐವಿಐಜಿ ಕೊಟ್ಟರು. ಎರಡು ವಾರ ಕಳೆದಿದೆ, ಇನ್ನೂ ನಡೆಯುತ್ತಿಲ್ಲ. ಮೊದಲ ಪರೀಕ್ಷೆ ಏಕೆ ತಪ್ಪಿತು? ಸ್ಟೀರಾಯ್ಡ್ ಏಕೆ ಕೊಡಲಿಲ್ಲ? ಅವಳು ಮತ್ತೆ ನಡೆಯುತ್ತಾಳೆಯೇ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಮೂರೂ ಪ್ರಶ್ನೆಗಳು ಮುಖ್ಯವಾದವು. ಗಿಲಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು 1916ರಲ್ಲಿ ವರದಿ ಮಾಡಿದ್ದು ಇದನ್ನೇ: ಕೈಕಾಲು ಸೋತ ರೋಗಿಗಳ ಬೆನ್ನುಹುರಿಯ ನೀರಿನಲ್ಲಿ ಪ್ರೋಟೀನ್ ಹೆಚ್ಚಿತ್ತು, ಬಿಳಿ ರಕ್ತಕಣಗಳು ಹೆಚ್ಚಿರಲಿಲ್ಲ. ಆದರೆ ಪ್ರೋಟೀನ್ ಏರಲು ಸಮಯ ಬೇಕು. ಮೊದಲ ವಾರದಲ್ಲಿ ಈ ಪರೀಕ್ಷೆ ಹಲವು ರೋಗಿಗಳಲ್ಲಿ ಸಹಜವಾಗಿಯೇ ಬರುತ್ತದೆ. ನರಗಳ ವಿದ್ಯುತ್ ಪರೀಕ್ಷೆಯೂ ಆರಂಭದ ದಿನಗಳಲ್ಲಿ ಅಷ್ಟೇನೂ ಹೇಳದಿರಬಹುದು. ಆ ಹಂತದಲ್ಲಿ ರೋಗವನ್ನು ಗುರುತಿಸುವುದು ವೈದ್ಯರ ಕೈಯಲ್ಲಿರುವ ಪುಟ್ಟ ಸುತ್ತಿಗೆ. ಸೋಂಕಾದ ಕೆಲವು ದಿನಗಳಿಗೆ ಎರಡೂ ಕಾಲುಗಳಲ್ಲಿ ಆರಂಭವಾಗಿ ಮೇಲೇರುತ್ತಿರುವ ದೌರ್ಬಲ್ಯದ ಜೊತೆಗೆ, ಮಂಡಿಚಿಪ್ಪಿನ ಕೆಳಗೆ ತಟ್ಟಿದಾಗ ಕಾಲು ಪುಟಿಯದಿದ್ದರೆ, ಪರೀಕ್ಷೆಗಳು ಏನೇ ಹೇಳಲಿ, ಗಿಲಾನ್ ಬಾರೆ ಎಂದೇ ಭಾವಿಸಿ ರೋಗಿಯನ್ನು ಒಳಗೆ ಸೇರಿಸಿಕೊಳ್ಳಬೇಕು. ಹೀಗೆ ತಟ್ಟಿದಾಗ ಪುಟಿಯುವ ಪ್ರತಿವರ್ತನೆ ಮೊದಲ ದಿನಗಳಲ್ಲಿ ಉಳಿದಿರುವವರೂ ಇದ್ದಾರೆ. ಆದ್ದರಿಂದ ದಿನಕ್ಕೆ ಹಲವು ಬಾರಿ ಮರಳಿ ಮರಳಿ ನೋಡುವುದು ಅಗತ್ಯ. ಬೆನ್ನುನೋವು ಕೂಡ ಈ ಕಾಯಿಲೆಯ ಲಕ್ಷಣವೇ. ಅದು ದೌರ್ಬಲ್ಯಕ್ಕಿಂತ ಮೊದಲೇ ಕಾಣಿಸಿಕೊಳ್ಳುವುದೂ ಉಂಟು. ಯುವತಿಯರ ದೌರ್ಬಲ್ಯವನ್ನು ಭಯದ ಲೆಕ್ಕಕ್ಕೆ ಸೇರಿಸಿಬಿಡುವ ಅಭ್ಯಾಸ ನನಗೆ ಬಹಳ ನೋವು ತರುತ್ತದೆ. ನಾಲ್ಕೈದು ದಿನ ಕಳೆದರೆ ಇಲ್ಲಿ ಉಸಿರಾಟವೇ ಪಣಕ್ಕೆ ಬೀಳುತ್ತದೆ.

ಭೇದಿಗೂ ಇದಕ್ಕೂ ಸಂಬಂಧವಿದೆ. ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಕೆಲವು ಅಂಶಗಳು ನಮ್ಮ ನರಗಳ ಪೊರೆಯಲ್ಲಿರುವ ಗ್ಯಾಂಗ್ಲಿಯೊಸೈಡ್‌ ಎಂಬ ಅಣುಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾಕ್ಕೆಂದು ತಯಾರಾದ ಪ್ರತಿಕಾಯಗಳು ಭೇದಿ ನಿಂತ ಮೇಲೆ ನರಗಳನ್ನೂ ಹೊಡೆಯುತ್ತವೆ. ಕೆಲವರಲ್ಲಿ ಪೆಟ್ಟು ಬೀಳುವುದು ನರದ ಮೈಲಿನ್ ಕವಚಕ್ಕೆ. ವಿದ್ಯುತ್ ತಂತಿಯ ಹೊದಿಕೆ ಕಿತ್ತುಬಂದಂತೆ ಸಂದೇಶ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಒಳಗಿನ ಎಳೆಗೇ ಏಟು ಬೀಳುತ್ತದೆ. ಚೇತರಿಕೆಯ ವೇಗ ಇದನ್ನೂ ಅವಲಂಬಿಸಿದೆ: ಕವಚ ವಾರಗಳಲ್ಲಿ ಮತ್ತೆ ಬೆಳೆಯಬಲ್ಲದು, ಎಳೆಯೇ ಮುರಿದಿದ್ದರೆ ತಿಂಗಳುಗಳೇ ಬೇಕು.

ಸ್ಟೀರಾಯ್ಡ್ ಕೊಡದೆ ಇದ್ದದ್ದು ಸರಿಯಾದ ನಿರ್ಧಾರ. ತರ್ಕಕ್ಕೆ ಅದು ಕೆಲಸ ಮಾಡಬೇಕಿತ್ತು ಎನಿಸಿದರೂ, ಈ ಕಾಯಿಲೆಯಲ್ಲಿ ಸ್ಟೀರಾಯ್ಡಿನಿಂದ ಲಾಭವಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಐವಿಐಜಿಯನ್ನು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.4 ಗ್ರಾಂನಂತೆ 5 ದಿನ, ಲಕ್ಷಣ ಕಂಡ 2 ವಾರಗಳೊಳಗೆ ಕೊಡುವುದು, ಇಲ್ಲವೇ 4 ವಾರಗಳೊಳಗೆ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡುವುದು, ಎರಡರ ಫಲವೂ ಸಮಾನ. ಒಂದಾದ ಮೇಲೆ ಇನ್ನೊಂದನ್ನೂ ಮಾಡಿದರೆ ಹೆಚ್ಚಿನ ಪ್ರಯೋಜನವಿಲ್ಲ. ತೀವ್ರ ರೋಗಿಗಳಿಗೆ ಕೂಡಲೇ ಎರಡನೇ ಸುತ್ತಿನ ಐವಿಐಜಿ ಕೊಟ್ಟು ನೋಡಿದ ಪ್ರಯೋಗವೂ ಅದರಿಂದ ಲಾಭ ಕಾಣಲಿಲ್ಲ, ರಕ್ತ ಹೆಪ್ಪುಗಟ್ಟುವಂಥ ತೊಂದರೆಗಳು ಮಾತ್ರ ಹೆಚ್ಚಿದವು. ಆದ್ದರಿಂದ ಎರಡು ವಾರದಲ್ಲಿ ನಡೆಯಲಿಲ್ಲವೆಂದು ಮತ್ತೊಂದು ಸುತ್ತಿಗೆ ವೈದ್ಯರನ್ನು ಒತ್ತಾಯಿಸಬೇಡಿ. ಸುಧಾರಿಸಿದ ಬಳಿಕ ಮತ್ತೆ ಇಳಿಮುಖವಾದರೆ ಮಾತ್ರ ಆ ಮಾತು ಬೇರೆ.

ಗಿಲಾನ್ ಬಾರೆ ತನ್ನ ತೀವ್ರತೆಯ ತುದಿ ಮುಟ್ಟುವುದು 4 ವಾರಗಳೊಳಗೆ. ನೂರಕ್ಕೆ 20–30 ಮಂದಿಗೆ ವೆಂಟಿಲೇಟರ್ ಬೇಕಾಗುತ್ತದೆ. ಹೃದಯಬಡಿತ, ರಕ್ತದೊತ್ತಡ ಏರುಪೇರಾಗುವುದೂ ಉಂಟು. ಇದನ್ನು ದಾಟಿದವರಲ್ಲಿ ನೂರಕ್ಕೆ ಸುಮಾರು 80 ಮಂದಿ 6 ತಿಂಗಳಲ್ಲಿ ಆಸರೆಯಿಲ್ಲದೆ ನಡೆಯುತ್ತಾರೆ, ತಂಗಿಯ ವಯಸ್ಸು ಕೂಡ ಅವಳಿಗೆ ಅನುಕೂಲವಾಗಿದೆ. ಈಗ ಮಾಡಬೇಕಾದದ್ದು ಕೀಲುಗಳು ಬಿಗಿಯದಂತೆ ದಿನವೂ ಫಿಸಿಯೋಥೆರಪಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮುಂಜಾಗ್ರತೆ, ನೋವಿಗೆ ಸರಿಯಾದ ಔಷಧಿ. ನಡೆಯಲು ಬಂದ ಮೇಲೂ ಸುಸ್ತು ಬಹಳ ಕಾಲ ಉಳಿಯುತ್ತದೆ. ಅದನ್ನು ಸೋಮಾರಿತನವೆಂದು ಯಾರೂ ಅವಳಿಗೆ ಹೇಳದಂತೆ ನೋಡಿಕೊಳ್ಳಿ. ಕಾಯಿಲೆ ಮರುಕಳಿಸುವುದು ನೂರಕ್ಕೆ 2ರಿಂದ 5 ಮಂದಿಯಲ್ಲಿ ಮಾತ್ರ.

ಪ್ರಶ್ನೆ: ನನಗೆ 58 ವರ್ಷ, ಮಧುಮೇಹ ಬಂದು ಬಹಳ ಕಾಲವಾಗಿದೆ. ಐದಾರು ವರ್ಷಗಳಿಂದ ಎರಡೂ ಪಾದಗಳಲ್ಲಿ ಉರಿ, ಮರಗಟ್ಟುವಿಕೆ ಇದೆ. ಶಕ್ತಿ ಕುಂದಿಲ್ಲ. ನರಪರೀಕ್ಷೆ ಹಾಗೂ ಬೆನ್ನುಹುರಿಯ ನೀರಿನ ಪ್ರೋಟೀನ್ ನೋಡಿ ಸಿಐಡಿಪಿ ಎಂಬ ಆಟೋಇಮ್ಯೂನ್ ಕಾಯಿಲೆ ಎಂದಿದ್ದಾರೆ, ಪ್ರತಿ ತಿಂಗಳು ಐವಿಐಜಿ ಬೇಕೆನ್ನುತ್ತಾರೆ. ಒಪ್ಪಿಕೊಳ್ಳಲೇ?

ಉತ್ತರ: ಒಪ್ಪುವ ಮೊದಲು ಇನ್ನೊಬ್ಬ ನರರೋಗ ತಜ್ಞರ ಅಭಿಪ್ರಾಯ ಪಡೆಯಿರಿ. ನಿಮ್ಮ ವಿವರಣೆ ಸಿಐಡಿಪಿಗಿಂತ ಮಧುಮೇಹದಿಂದ ಬರುವ ನರದೌರ್ಬಲ್ಯಕ್ಕೇ ಹೆಚ್ಚು ಹೊಂದುತ್ತದೆ. ನರಗಳ ಮೈಲಿನ್ ಕವಚ ದೀರ್ಘಕಾಲ ಹಾಳಾಗುತ್ತ ಹೋಗುವ ಸಿಐಡಿಪಿಯಲ್ಲಿ ಮುಖ್ಯ ಲಕ್ಷಣ ಶಕ್ತಿ ಕುಂದುವುದು. ಅದು ಪಾದದಲ್ಲಷ್ಟೇ ಅಲ್ಲದೆ ತೊಡೆ, ಭುಜಗಳಲ್ಲೂ ಕಾಣುತ್ತದೆ, ಕೂತಲ್ಲಿಂದ ಏಳಲು, ತಲೆ ಬಾಚಲು ಕಷ್ಟವಾಗುತ್ತದೆ. ದೌರ್ಬಲ್ಯ 8 ವಾರಗಳಿಗಿಂತ ಹೆಚ್ಚು ಕಾಲ ಬೆಳೆಯುತ್ತ ಹೋಗುತ್ತದೆ, ಕೈಕಾಲುಗಳ ಪ್ರತಿವರ್ತನೆಗಳು ವ್ಯಾಪಕವಾಗಿ ಇಲ್ಲವಾಗುತ್ತವೆ. ಬೆನ್ನುಹುರಿಯ ನೀರಿನ ಪ್ರೋಟೀನನ್ನು ಮಧುಮೇಹವೇ ಏರಿಸಬಲ್ಲದು, ವಯಸ್ಸಿನೊಂದಿಗೂ ಅದು ಸ್ವಲ್ಪ ಏರುತ್ತದೆ. ನರಪರೀಕ್ಷೆಯಲ್ಲಿ ಸ್ವಲ್ಪ ವೇಗ ತಗ್ಗಿದೆಯೆಂದ ಮಾತ್ರಕ್ಕೆ ಮೈಲಿನ್ ಹಾಳಾಗಿದೆ ಎನ್ನಲಾಗದು. ಅದಕ್ಕೆ ನಿಗದಿತ ಮಾನದಂಡಗಳಿವೆ. ಈ ಎರಡು ಸುಳುಹುಗಳನ್ನೇ ನಂಬಿ ಸಿಐಡಿಪಿ ಎಂದು ಹಣೆಪಟ್ಟಿ ಹಚ್ಚುವುದು ಜಗತ್ತಿನಾದ್ಯಂತ ನಡೆಯುತ್ತಿರುವ ತಪ್ಪು. ಅದಕ್ಕೆ ಬೆಲೆ ತೆರುವವರು ರೋಗಿಗಳು.

ಅದೇ ಹೊತ್ತಿಗೆ, ಮಧುಮೇಹ ಇರುವವರಿಗೆ ನಿಜವಾದ ಸಿಐಡಿಪಿಯೂ ಬರಬಹುದು, ಅಂಥವರನ್ನು ಕೈಬಿಡುವುದು ಇನ್ನೂ ದೊಡ್ಡ ತಪ್ಪು. ಅದು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಕಾಯಿಲೆ. ಗಿಲಾನ್ ಬಾರೆಯಂತಲ್ಲದೆ ಇಲ್ಲಿ ಸ್ಟೀರಾಯ್ಡ್ ಕೂಡ ಕೆಲಸ ಮಾಡುತ್ತದೆ. ಐವಿಐಜಿ, ಪ್ಲಾಸ್ಮಾ ಎಕ್ಸ್‌ಚೇಂಜ್ ಕೂಡ ಪರಿಣಾಮಕಾರಿ. ಇದಕ್ಕೆ ಹತ್ತಿರದ ಇನ್ನೊಂದು ಕಾಯಿಲೆಯಲ್ಲಿ ಸಂವೇದನೆ ಸರಿಯಿದ್ದು, ಒಂದು ಕೈಯ ಮಣಿಕಟ್ಟೋ ಬೆರಳುಗಳೋ ಮಾತ್ರ ಮೆಲ್ಲನೆ ಸೋಲುತ್ತವೆ. ಮಲ್ಟಿಫೋಕಲ್ ಮೋಟಾರ್ ನ್ಯೂರೋಪಥಿ ಎಂಬ ಅದಕ್ಕೆ ಐವಿಐಜಿ ಬೇಕೇ ಬೇಕು, ಸ್ಟೀರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸಬಹುದು. ಸಿಐಡಿಪಿಯಂಥದೇ ಲಕ್ಷಣಗಳಿದ್ದು, ನರದ ನ್ಯೂರೋಫ್ಯಾಸಿನ್, ಕಾಂಟ್ಯಾಕ್ಟಿನ್ ಎಂಬ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಇರುವವರಲ್ಲಿ ಐವಿಐಜಿ ಅಷ್ಟಾಗಿ ಫಲಿಸುವುದಿಲ್ಲ, ರಿಟುಕ್ಸಿಮ್ಯಾಬ್ ಫಲಿಸುತ್ತದೆ.

ಎರಡನೇ ಅಭಿಪ್ರಾಯವೂ ಸಿಐಡಿಪಿ ಎಂದೇ ಬಂದು ಚಿಕಿತ್ಸೆ ಆರಂಭಿಸುವುದಾದರೆ, ಒಂದು ಷರತ್ತನ್ನು ಮುಂದಿಡಿ. ಮೊದಲ ಡೋಸಿನ ಮುನ್ನವೇ ಮುಷ್ಟಿಯ ಹಿಡಿತದ ಬಲವನ್ನು ಮಾಪಕದಲ್ಲಿ ಅಳೆದು, 10 ಮೀಟರ್ ನಡೆಯಲು ಹಿಡಿಯುವ ಸಮಯವನ್ನು ನೋಡಿ ಬರೆದಿಟ್ಟುಕೊಳ್ಳಲಿ. ಎರಡು ಮೂರು ತಿಂಗಳ ನಂತರ ಅದೇ ಅಳತೆಗಳನ್ನು ತೆಗೆಯಲಿ. ಸ್ವಲ್ಪ ಹಾಯೆನಿಸುತ್ತದೆ ಎಂಬ ಭಾವನೆಯ ಮೇಲೆ ವರ್ಷಗಟ್ಟಲೆ ಐವಿಐಜಿ ಮುಂದುವರಿಸಬಾರದು. ಅದು ದುಬಾರಿ, ಮೂತ್ರಪಿಂಡಕ್ಕೆ ತೊಂದರೆ ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯಗಳೂ ಅದಕ್ಕಿವೆ. ಅಂತೆಯೇ ಸ್ಟೀರಾಯ್ಡ್ ಆರಿಸಿದರೆ ನಿಮ್ಮ ಸಕ್ಕರೆ ಏರುತ್ತದೆ.

ಪ್ರಶ್ನೆ: ಮಯಸ್ತೀನಿಯಾಕ್ಕೆ ಮೂರು ವರ್ಷದಿಂದ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ವಯಸ್ಸು 29. ಮಗು ಬೇಕೆಂದು ನಮ್ಮಿಬ್ಬರಿಗೂ ಆಸೆ. ಮಗುವಿಗೂ ಈ ಕಾಯಿಲೆ ಬರುತ್ತದೆಯೇ?

ಉತ್ತರ: ಕಾಯಿಲೆ ಹತೋಟಿಯಲ್ಲಿದ್ದರೆ ಧಾರಾಳವಾಗಿ ತಾಯಿಯಾಗಬಹುದು. ಇದು ಅಂಟುವ ಕಾಯಿಲೆಯಲ್ಲ, ತಾಯಿಯಿಂದ ಮಗುವಿಗೆ ನೇರವಾಗಿ ಬರುವ ಆನುವಂಶಿಕ ಕಾಯಿಲೆಯೂ ಅಲ್ಲ. ಆದರೆ ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ದಾಟುವುದರಿಂದ ನೂರಕ್ಕೆ 10–20 ಶಿಶುಗಳಿಗೆ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಹಾಲು ಚೀಪಲು ಶಕ್ತಿ ಸಾಲದಿರಬಹುದು, ಅಳು ಕ್ಷೀಣವಾಗಿರಬಹುದು. ವಾರಗಳಲ್ಲಿ ಅದು ತಾನಾಗಿಯೇ ಕಳೆಯುತ್ತದೆ. ಹಾಗಾಗಿ ನವಜಾತ ಶಿಶುಗಳ ಆರೈಕೆ ಘಟಕವಿರುವ ಕಡೆ ಹೆರಿಗೆ ಮಾಡಿಸಿಕೊಳ್ಳಿ. ಪಿರಿಡೋಸ್ಟಿಗ್ಮಿನ್ ಮತ್ತು ಪ್ರೆಡ್ನಿಸೊಲೋನ್ ಮುಂದುವರಿಸಬಹುದು. ಮೈಕೋಫಿನೊಲೇಟ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಗರ್ಭ ಧರಿಸುವ ಮೊದಲೇ, ವೈದ್ಯರ ಸಲಹೆಯಂತೆ ಬದಲಿಸಬೇಕು. ಅವು ಭ್ರೂಣಕ್ಕೆ ಹಾನಿಕರ. ರಕ್ತದೊತ್ತಡ ಏರಿ ಅಪಸ್ಮಾರ ಬರುವ ಅಪಾಯವಿದ್ದಾಗ ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ನಿಮಗೆ ಉಸಿರಾಟದ ತೊಂದರೆ ತರಬಲ್ಲದು ಎಂಬುದನ್ನು ಪ್ರಸೂತಿ ತಜ್ಞರ ಕಡತದಲ್ಲಿ ಮೊದಲ ಭೇಟಿಯಲ್ಲೇ ಬರೆಸಿಡಿ.

ಪ್ರಶ್ನೆ: ನನಗೆ 63 ವರ್ಷ. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದೆ. ನೆಲದಿಂದ ಏಳಲು ಆಗದಷ್ಟು ತೊಡೆ ಸೋತಾಗ ಸಿಕೆ ಪರೀಕ್ಷೆ ಮಾಡಿಸಿ, 6,000 ಇದೆಯೆಂದು ಮಾತ್ರೆ ನಿಲ್ಲಿಸಿದರು. ಮೂರು ತಿಂಗಳಾದರೂ ಶಕ್ತಿ ಬಂದಿಲ್ಲ, ಸಿಕೆ ಇಳಿದಿಲ್ಲ. ಇನ್ನೂ ಕಾಯಬೇಕೇ?

ಉತ್ತರ: ಕಾಯಬಾರದು. ಸಿಕೆ ಎಂಬುದು ಸ್ನಾಯುಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ. ಸಹಜವಾಗಿ ಅದು ಸುಮಾರು 200ರ ಒಳಗಿರುತ್ತದೆ. ಸ್ಟ್ಯಾಟಿನ್‌ನ ಸಾಮಾನ್ಯ ಅಡ್ಡಪರಿಣಾಮವಾಗಿದ್ದರೆ ಮಾತ್ರೆ ಬಿಟ್ಟ ಕೆಲವು ವಾರಗಳಲ್ಲಿ ನೋವೂ ಸಿಕೆಯೂ ಇಳಿಯಬೇಕಿತ್ತು. ಇಳಿಯದೆ ಉಳಿದಿದೆಯೆಂದರೆ, ಸ್ಟ್ಯಾಟಿನ್ ತಡೆಯುವ ಎಚ್‌ಎಂಜಿಸಿಆರ್ ಎಂಬ ಕಿಣ್ವದ ವಿರುದ್ಧವೇ ದೇಹ ಪ್ರತಿಕಾಯ ತಯಾರಿಸುವ ಅಪರೂಪದ ಸ್ನಾಯುರೋಗವಿರಬಹುದು. ರಕ್ತದಲ್ಲಿ ಆ ಪ್ರತಿಕಾಯವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಸ್ನಾಯುವಿನ ಬಯಾಪ್ಸಿ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಸ್ಟೀರಾಯ್ಡ್, ಅದರ ಜೊತೆಗೆ ಮೆಥೊಟ್ರೆಕ್ಸೇಟ್‌ನಂಥ ಇನ್ನೊಂದು ಔಷಧಿ, ಹಲವರಿಗೆ ಐವಿಐಜಿ ಬೇಕಾಗುತ್ತವೆ. ಈ ಪ್ರತಿಕಾಯ ಇದ್ದರೆ ಸ್ಟ್ಯಾಟಿನ್ ಮತ್ತೆ ತೆಗೆದುಕೊಳ್ಳುವಂತಿಲ್ಲ, ಕೊಲೆಸ್ಟರಾಲಿಗೆ ಬೇರೆ ವರ್ಗದ ಔಷಧಿ ಕೇಳಿ.

ನಿಮ್ಮ ವಯಸ್ಸಿನಲ್ಲಿ ತೊಡೆ ಸೋಲುವುದಕ್ಕೆ ಇನ್ನೂ ಮೂರು ಕಾರಣಗಳನ್ನು ವೈದ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆರಳುಗಳ ಗೆಣ್ಣುಗಳ ಮೇಲೆ ಕೆಂಪು ದದ್ದು, ರೆಪ್ಪೆಗಳಲ್ಲಿ ನೇರಳೆ ಛಾಯೆ ಇದ್ದರೆ ಅದು ಡರ್ಮಟೋಮಯೋಸೈಟಿಸ್. ವಯಸ್ಕರಲ್ಲಿ ಅದರ ಬೆನ್ನಿಗೆ ಕ್ಯಾನ್ಸರ್ ಅಡಗಿರುವುದುಂಟಾದ್ದರಿಂದ ಅದಕ್ಕಾಗಿ ಹುಡುಕಬೇಕು. ಕಾಲು ಮೊದಲು ಸೋತು, ಬಾಯಿ ಒಣಗುತ್ತ, ಸಿಕೆ ಸಹಜವಾಗಿದ್ದರೆ ಅದು ಲ್ಯಾಂಬರ್ಟ್–ಈಟನ್ ಸಿಂಡ್ರೋಮ್ ಇರಬಹುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಹೆಚ್ಚಾಗಿ ಧೂಮಪಾನಿಗಳಿಗೆ, ಶ್ವಾಸಕೋಶದ ಸಣ್ಣ ಕೋಶಗಳ ಕ್ಯಾನ್ಸರ್ ಇರುತ್ತದೆ. ಅದಕ್ಕೆ ಅಮಿಫ್ಯಾಂಪ್ರಿಡಿನ್ ಎಂಬ ಮಾತ್ರೆಯಿದೆ. ಮೂರನೆಯದು ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್. ತೊಡೆಯ ಮುಂಭಾಗದ ಸ್ನಾಯು ಸವೆದು, ಮುಷ್ಟಿ ಬಿಗಿಹಿಡಿಯಲು ಬೇಕಾದ ಬೆರಳುಗಳ ಶಕ್ತಿಯೂ ಒಂದು ಕೈಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬಂತೆ ಕುಂದಿದರೆ ಅದನ್ನು ಶಂಕಿಸಬೇಕು. ಅದರಲ್ಲಿ ಸಿಕೆ ಸಾಮಾನ್ಯವಾಗಿ ನಿಮ್ಮಷ್ಟು ಏರುವುದಿಲ್ಲ. ಅದಕ್ಕೆ ಸ್ಟೀರಾಯ್ಡಿನಿಂದ ಲಾಭವಿಲ್ಲ. ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡು ಮೂಳೆ ಸವೆಸಿಕೊಂಡವರನ್ನು ಕಂಡಿದ್ದೇನೆ. ಮಿತವಾದ ವ್ಯಾಯಾಮ, ಬೀಳದಂತೆ ಆಸರೆ, ನುಂಗುವಿಕೆಯ ತಪಾಸಣೆ ಅಲ್ಲಿ ನೆರವಾಗುತ್ತವೆ. ನರರೋಗ ತಜ್ಞರನ್ನೋ ಸಂಧಿರೋಗ ತಜ್ಞರನ್ನೋ ಈ ವಾರವೇ ಕಾಣಿ. ಹಳೆಯ ಸಿಕೆ ವರದಿಗಳನ್ನೂ, ಸ್ಟ್ಯಾಟಿನ್ ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ.